ಬೆಳಗಿನ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದವರು

ಬೀದರ, ವಿಜಯಪುರ, ಬಾಗಲಕೋಟೆ, ಕಾರವಾರ, ಉಡುಪಿ. ರಾತ್ರಿ ಊಟ ಮುಗಿಸಿ ಹತ್ತಿದ ಬಸ್ಸುಗಳೂ ರೈಲುಗಳೂ ಬೆಂಗಳೂರು ಮುಟ್ಟುವುದು ಬೆಳಗಿನ ಐದು, ಆರು, ಏಳರ ಹೊತ್ತಿಗೆ. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ರೊಟ್ಟಿ ಬುತ್ತಿಯ ಚೀಲ, ಬಗಲಲ್ಲಿ ಆಸ್ಪತ್ರೆಯ ಫೈಲೋ ಸಂದರ್ಶನದ ಸರ್ಟಿಫಿಕೇಟುಗಳೋ. ಕೆಲಸ ಶುರುವಾಗುವುದು ಹತ್ತಕ್ಕೆ. ಅಷ್ಟರೊಳಗೆ ಮುಖ ತೊಳೆಯಬೇಕು, ಸ್ನಾನ ಆಗಬೇಕು, ಬಟ್ಟೆ ಬದಲಿಸಬೇಕು, ಜೊತೆಯಲ್ಲಿ ವಯಸ್ಸಾದವರಿದ್ದರೆ ಅವರು ಒಂದು ಗಂಟೆ ಬೆನ್ನು ಚಾಚಬೇಕು. ಆ ಹೊತ್ತಿಗೆ ಅವರ ಮುಂದಿರುವುದು ಒಂದೇ ಪ್ರಶ್ನೆ: ಕೈಗೆಟಕುವ ದರದ ಒಂದು ರೂಮು ಎಲ್ಲಿ?

ಇದಕ್ಕೆ ಮೊಬೈಲ್ ಕೊಡುವ ಉತ್ತರ ಬಲು ಸರಳ. ಊರಿನ ಹೆಸರು ಹಾಕಿ, ‘ಕಡಿಮೆ ದರ ಮೊದಲು’ ಎಂದು ಒತ್ತಿದರೆ ಸಾಲುಸಾಲು ಲಾಡ್ಜುಗಳು ತೆರೆದುಕೊಳ್ಳುತ್ತವೆ. ಮೊದಲಿಗಿರುವುದನ್ನು ಬುಕ್ ಮಾಡಿದವರು ಮಾರನೆಯ ದಿನ ಲೆಕ್ಕ ಹಾಕಿದಾಗ ಮಾತ್ರ ಅದು ಅಗ್ಗವಾಗಿರಲಿಲ್ಲ ಎಂದು ತಿಳಿಯುತ್ತದೆ. ಒಂದೆರಡು ದಿನದ ಪ್ರಯಾಣದಲ್ಲಿ ರೂಮಿನ ಬಾಡಿಗೆಯೊಂದನ್ನೇ ನೋಡಿದರೆ ಸಾಲದು. ಯಾವ ಹೊತ್ತಿಗೆ ಬಂದಿಳಿಯುತ್ತೇವೆ, ಯಾವ ಕೆಲಸಕ್ಕೆ ಬಂದಿದ್ದೇವೆ, ಆ ಕೆಲಸದ ಜಾಗ ಎಷ್ಟು ದೂರ ಎಂಬ ಮೂರನ್ನೂ ಬಾಡಿಗೆಯ ಜೊತೆಗೇ ತೂಗಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಈ ತೂಕ ಇನ್ನೂ ಬದಲಾಗಿದೆ. ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಮಗಳ ಕಾಲೇಜು ಪ್ರವೇಶಕ್ಕೆ, ತಾಯಿಯ ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಬರುವ ಹೆಣ್ಣುಮಕ್ಕಳ ಪಾಲಿಗೆ ಈಗ ಇಡೀ ಪ್ರಯಾಣದ ದೊಡ್ಡ ಖರ್ಚೆಂದರೆ ರೂಮಿನ ಬಾಡಿಗೆ. ಬಸ್ಸಿನಲ್ಲಿ ಉಳಿದದ್ದು ಲಾಡ್ಜಿನಲ್ಲಿ ಕರಗಿಹೋಗದಂತೆ ನೋಡಿಕೊಳ್ಳುವುದು ಈಗ ಹೆಚ್ಚು ಮುಖ್ಯವಾಗಿದೆ.

ಹೊರಗಿನಿಂದ ಬಂದವರನ್ನು ಇಳಿಸಿಕೊಳ್ಳುವುದು ಮೆಜೆಸ್ಟಿಕ್ ಸುತ್ತಲಿನ ನೆಲಕ್ಕೆ ಹಳೆಯ ಅಭ್ಯಾಸ. ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅದರ ಎದುರು ರೈಲು ನಿಲ್ದಾಣ. ರೈಲಿಳಿದು ರಸ್ತೆಗೆ ಬಂದರೆ ಕಣ್ಣಿಗೆ ಬೀಳುವ ಗುಬ್ಬಿ ತೋಟದಪ್ಪ ಛತ್ರ ಶುರುವಾದದ್ದು 1903ರಲ್ಲಿ. ತುಮಕೂರು ಸೀಮೆಯ ಗುಬ್ಬಿಯಿಂದ ಬಂದು ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ತೋಟದಪ್ಪನವರು, ದೂರದೂರಿಂದ ಬಂದವರು ತಲೆಯ ಮೇಲೊಂದು ಸೂರಿಲ್ಲದೆ ಅಲೆಯಬಾರದು ಎಂದು ತಮ್ಮ ಗಳಿಕೆಯನ್ನು ಅದಕ್ಕೆ ಕೊಟ್ಟರು. ವಿದ್ಯಾರ್ಥಿಗಳಿಗೆ ಉಚಿತ ವಸತಿನಿಲಯವನ್ನೂ ನಡೆಸಿದ ಅವರಿಗೆ ಮೈಸೂರಿನ ಅರಸರಿಂದ ಧರ್ಮಪ್ರವರ್ತ ಎಂಬ ಬಿರುದು ಬಂತು. ಸಮೀಪದ ಇನ್ನೊಂದು ದೊಡ್ಡ ರಸ್ತೆಯ ಹೆಸರಲ್ಲೇ ಛತ್ರವಿದೆ: ಸುಬೇದಾರ್ ಛತ್ರಂ ರಸ್ತೆ. ಎಸ್.ಸಿ. ರೋಡ್ ಎಂದು ಮೊಟಕಾಗಿ ಕರೆಯುವವರಿಗೆ ಅದರೊಳಗೊಂದು ಛತ್ರ ಅಡಗಿರುವುದು ನೆನಪಿರುವುದಿಲ್ಲ.

ಛತ್ರಗಳ ಹಿಂದೆಯೇ ಲಾಡ್ಜುಗಳು ಬಂದವು. ಗಾಂಧಿನಗರ, ಉಪ್ಪಾರಪೇಟೆ, ಕಾಟನ್‌ಪೇಟೆ, ಚಿಕ್ಕಪೇಟೆಯ ಗಲ್ಲಿಗಳಲ್ಲಿ ಮೂರು ನಾಲ್ಕು ಮಹಡಿಯ ಕಟ್ಟಡಗಳು. ಕೆಳಗೆ ಹೋಟೆಲು ಅಥವಾ ಬಟ್ಟೆ ಅಂಗಡಿ, ಮೇಲೆ ರೂಮು. ಇವುಗಳಿಗೆ ಪ್ರಯಾಣಿಕರ ಗಡಿಯಾರ ಗೊತ್ತಿದೆ. ಅದಕ್ಕೇ ಇಲ್ಲಿನ ಎಷ್ಟೋ ಲಾಡ್ಜುಗಳಲ್ಲಿ ‘24 ಗಂಟೆ’ ಪದ್ಧತಿ ಉಳಿದುಬಂದಿದೆ. ಅಂದರೆ ಬೆಳಿಗ್ಗೆ ಆರಕ್ಕೆ ಬೀಗದ ಕೈ ತೆಗೆದುಕೊಂಡರೆ ಮಾರನೆಯ ಬೆಳಿಗ್ಗೆ ಆರರ ತನಕ ಒಂದೇ ದಿನದ ಬಾಡಿಗೆ. ಆ್ಯಪುಗಳಲ್ಲಿ ಸಿಗುವ ಹೊಸ ಹೋಟೆಲುಗಳು ಬಹುಪಾಲು ಮಧ್ಯಾಹ್ನ 12ರ ಲೆಕ್ಕದವು. ಅಲ್ಲಿ ಮಧ್ಯಾಹ್ನಕ್ಕೆ ಮೊದಲು ರೂಮಿಲ್ಲ; ಬೇಕೇ ಬೇಕೆಂದರೆ ಅರ್ಧ ದಿನದ್ದೋ ಇಡೀ ದಿನದ್ದೋ ಹೆಚ್ಚುವರಿ ಹಣ.

ಈ ಎರಡು ಪದ್ಧತಿಗಳ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಲೆಕ್ಕ ಹಾಕಿದಾಗಲೇ ತಿಳಿಯುತ್ತದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಬಂದು, ಅದೇ ರಾತ್ರಿ ಹತ್ತರ ಬಸ್ಸಿಗೆ ಹೊರಡುವವರನ್ನು ತೆಗೆದುಕೊಳ್ಳಿ. 24 ಗಂಟೆಯ ಲಾಡ್ಜಿನಲ್ಲಿ ಒಂದು ಬಾಡಿಗೆಗೆ ಬೆಳಗಿನ ಸ್ನಾನ, ಮಧ್ಯಾಹ್ನದ ವಿಶ್ರಾಂತಿ, ರಾತ್ರಿ ಹೊರಡುವ ತನಕ ಸಾಮಾನು ಇಡುವ ಜಾಗ ಎಲ್ಲವೂ ಮುಗಿಯಿತು. ಮಧ್ಯಾಹ್ನದ ಲೆಕ್ಕದ ಹೋಟೆಲಿಗೂ ಒಂದೇ ಬಾಡಿಗೆ, ಆದರೆ ರೂಮು ಕೈಗೆ ಬರುವಾಗ ಕಚೇರಿಯ ಕೆಲಸ ಅರ್ಧ ಮುಗಿದಿರುತ್ತದೆ. ಸ್ನಾನ ಬೇಕಿದ್ದ ಹೊತ್ತಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಈಗ ಅದೇ ಜನ ಮಂಗಳವಾರ ರಾತ್ರಿ ಹತ್ತಕ್ಕೆ ಹೊರಡುವವರು ಎಂದುಕೊಳ್ಳೋಣ. ಒಟ್ಟು 40 ಗಂಟೆ. 24 ಗಂಟೆಯ ಲಾಡ್ಜಿನಲ್ಲಿ ಮಂಗಳವಾರ ಬೆಳಿಗ್ಗೆ ಆರಕ್ಕೇ ಎರಡನೆಯ ದಿನ ಶುರುವಾಗುತ್ತದೆ, ಎರಡು ಬಾಡಿಗೆ. ಮಧ್ಯಾಹ್ನದ ಲೆಕ್ಕದ ಹೋಟೆಲಿನವರು ಬೆಳಿಗ್ಗೆ ಬಂದಾಗಲೂ ಮರುದಿನ ಖಾಲಿ ಮಾಡಿದ ಮೇಲೂ ಲಗೇಜನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಳ್ಳಲು ಒಪ್ಪಿದರೆ, ಒಂದೇ ಬಾಡಿಗೆಯಲ್ಲಿ ಕೆಲಸ ಮುಗಿಯಬಹುದು. ಹೀಗೆ ಒಂದು ದಿನಕ್ಕೆ ಲಾಭವಾದದ್ದು ಎರಡು ದಿನಕ್ಕೆ ನಷ್ಟವಾಗುತ್ತದೆ. ಫೋನ್ ಮಾಡಿದಾಗ ‘ಎಷ್ಟು?’ ಎಂದು ಕೇಳುವುದಕ್ಕೂ ಮೊದಲು ‘ಚೆಕ್‌ಔಟ್ ಯಾವ ಲೆಕ್ಕ? ಬೆಳಿಗ್ಗೆ ಆರಕ್ಕೆ ಬಂದರೆ ರೂಮು ಕೊಡ್ತೀರಾ?’ ಎಂದು ಕೇಳುವವರು ಅನುಭವಸ್ಥರು.

ರೂಮೇ ಬೇಡ, ನಾಲ್ಕು ಗಂಟೆಯ ನೆಲೆ ಸಾಕು ಎನ್ನುವವರಿಗೆ ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಗಳು ನೆನಪಾಗಬೇಕು. ರಿಟೈರಿಂಗ್ ರೂಮ್ ಎಂದು ರೈಲ್ವೆ ಕರೆಯುವ ಇವುಗಳನ್ನು, ಖಚಿತವಾದ ಅಥವಾ ಆರ್‌ಎಸಿ ಟಿಕೆಟ್ ಇರುವವರು ಪಿಎನ್‌ಆರ್ ಸಂಖ್ಯೆ ಕೊಟ್ಟು ಐಆರ್‌ಸಿಟಿಸಿ ಮೂಲಕ ಮೊದಲೇ ಕಾಯ್ದಿರಿಸಬಹುದು. ದೊಡ್ಡ ನಿಲ್ದಾಣಗಳಲ್ಲಿ ಕೊಠಡಿಯ ಜೊತೆಗೆ ಡಾರ್ಮಿಟರಿಯ ಹಾಸಿಗೆಗಳೂ ಇರುತ್ತವೆ. ಇವು ಸಂಖ್ಯೆಯಲ್ಲಿ ಕಡಿಮೆ, ಬೇಗ ಭರ್ತಿಯಾಗುತ್ತವೆ. ಆದರೆ ಒಬ್ಬರೇ ಬರುವವರಿಗೆ, ರೈಲಿನಲ್ಲೇ ವಾಪಸಾಗುವವರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಸಾಮಾನಿಡಲು ನಿಲ್ದಾಣದ ಕ್ಲೋಕ್ ರೂಮ್ ಇದೆ. ಅಲ್ಲಿ ಬೀಗ ಹಾಕಿದ ಪೆಟ್ಟಿಗೆಗಳನ್ನಷ್ಟೇ ತೆಗೆದುಕೊಳ್ಳುತ್ತಾರೆ ಎಂಬುದು ಗೊತ್ತಿಲ್ಲದೆ ದಾರ ಕಟ್ಟಿದ ಚೀಲ ಹಿಡಿದು ಹೋಗಿ ವಾಪಸ್ ಬರುವವರು ಬಹಳ. ಐವತ್ತು ರೂಪಾಯಿಯ ಒಂದು ಚಿಕ್ಕ ಬೀಗ ಪ್ರಯಾಣದ ಚೀಲದಲ್ಲಿ ಯಾವಾಗಲೂ ಇರಲಿ.

ಬೆಂಗಳೂರಿಗೆ ಬರುವುದೆಂದರೆ ಮೆಜೆಸ್ಟಿಕ್‌ನಲ್ಲಿ ಇಳಿಯುವುದು ಎಂಬ ಕಾಲವೂ ಹೋಗುತ್ತಿದೆ. ಎಷ್ಟೋ ರೈಲುಗಳು ಯಶವಂತಪುರದಲ್ಲೇ ನಿಲ್ಲುತ್ತವೆ. 2022ರಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ ಮೇಲೆ ಇನ್ನಷ್ಟು ರೈಲುಗಳು ಅಲ್ಲಿಗೆ ಹೋದವು. ತಮಿಳುನಾಡಿನ ಕಡೆಯ ಬಸ್ಸುಗಳಿಗೆ ಶಾಂತಿನಗರ, ಮೈಸೂರು ಕಡೆಯವಕ್ಕೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ, ಖಾಸಗಿ ಬಸ್ಸುಗಳಿಗೆ ಆನಂದರಾವ್ ವೃತ್ತ, ಕಲಾಸಿಪಾಳ್ಯ. ಟಿಕೆಟ್ಟಿನ ಮೇಲಿನ ನಿಲ್ದಾಣದ ಹೆಸರು ಓದದೆ ಮೆಜೆಸ್ಟಿಕ್‌ನಲ್ಲಿ ರೂಮು ಹಿಡಿದವರು ಬೈಯಪ್ಪನಹಳ್ಳಿಯಲ್ಲಿ ಇಳಿದು, ಕತ್ತಲಲ್ಲಿ ಆಟೊ ಹುಡುಕಬೇಕಾಗುತ್ತದೆ.

ಆಟೊ ದರ ಇಲ್ಲಿ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಒಂದೂವರೆ ಪಟ್ಟು. ಇದು ಸರ್ಕಾರ ಗೊತ್ತುಮಾಡಿದ ಮೀಟರ್ ದರ. ಮೀಟರ್ ಹಾಕದ ಆಟೊಗಳ ಮಾತು ಬೇರೆ.

ಈ ದರವನ್ನೇ ಇಟ್ಟುಕೊಂಡು ಒಂದು ಉದಾಹರಣೆ ನೋಡಬಹುದು. ಗಂಡ ಹೆಂಡತಿ ಇಬ್ಬರು ಆಸ್ಪತ್ರೆಯೊಂದಕ್ಕೆ ಎರಡು ದಿನ ಹೋಗಿಬರಬೇಕು, ಉಳಿಯುವುದು ಒಂದು ರಾತ್ರಿ. ಆಸ್ಪತ್ರೆಯಿಂದ 12 ಕಿಲೋಮೀಟರ್ ದೂರದಲ್ಲಿ 900 ರೂಪಾಯಿಯ ರೂಮು ಸಿಕ್ಕಿದೆ, 2 ಕಿಲೋಮೀಟರಿನೊಳಗೆ 1,400 ರೂಪಾಯಿಯದು. ರೂಮಿನ ಮೇಲೆ ಶೇಕಡ 5 ಜಿಎಸ್‌ಟಿ ಸೇರಿದರೆ ಮೊದಲನೆಯದು 945, ಎರಡನೆಯದು 1,470. ದೂರದ ರೂಮಿನಿಂದ ಒಂದು ಸಲಕ್ಕೆ ಆಟೊಗೆ 216 ರೂಪಾಯಿ, ನಾಲ್ಕು ಸಲಕ್ಕೆ 864. ಒಟ್ಟು 1,809. ಹತ್ತಿರದ ರೂಮಿಗೆ ನಾಲ್ಕು ಸಲದ ಆಟೊ 144 ಸೇರಿಸಿದರೆ 1,614. ಅಗ್ಗದ ರೂಮೇ 195 ರೂಪಾಯಿ ದುಬಾರಿಯಾಯಿತು. ಸಿಗ್ನಲ್ಲುಗಳಲ್ಲಿ ಕಳೆದ ಗಂಟೆಗಳು, ರೋಗಿಯ ಆಯಾಸ ಈ ಲೆಕ್ಕದಲ್ಲಿ ಸೇರಿಲ್ಲ.

ಆದರೆ ಅದೇ ದೂರದ ರೂಮು ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿದ್ದು, ಆಸ್ಪತ್ರೆಯ ಪಕ್ಕದಲ್ಲೂ ಒಂದು ಮೆಟ್ರೊ ನಿಲ್ದಾಣವಿದ್ದರೆ ಲೆಕ್ಕ ತಿರುಗಿಬೀಳುತ್ತದೆ. ಒಂದು ಸಲಕ್ಕೆ ತಲೆಗೆ 60 ರೂಪಾಯಿ ಆಯಿತೆಂದು ಇಟ್ಟುಕೊಂಡರೂ ಇಬ್ಬರಿಗೆ ನಾಲ್ಕು ಸಲಕ್ಕೆ 480, ಒಟ್ಟು 1,425. ಈಗ ದೂರದ್ದೇ ಅಗ್ಗ. ಬಿಎಂಟಿಸಿಯ ಸಾಮಾನ್ಯ ಬಸ್ಸು ಹಿಡಿದರೆ ಹೆಂಡತಿಗೆ ಟಿಕೆಟ್ಟೇ ಇಲ್ಲ.

2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯ ತನಕ ಪುಟ್ಟದಾಗಿ ಶುರುವಾದ ನಮ್ಮ ಮೆಟ್ರೊ, ಊರಿಗೆ ಹೊಸಬರಾದವರ ಪಾಲಿಗೆ ಬೆಂಗಳೂರಿನ ನಕ್ಷೆಯನ್ನೇ ಬದಲಿಸಿದೆ. ನೇರಳೆ ಮತ್ತು ಹಸಿರು ಮಾರ್ಗಗಳು ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗವನ್ನು ಸೇರಿ, ಜಯದೇವ ಆಸ್ಪತ್ರೆ, ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಯ್ದು ಬೊಮ್ಮಸಂದ್ರಕ್ಕೆ ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಂದರ್ಶನವಿರುವ ಹುಡುಗ ಈಗ ಅಲ್ಲೇ ದುಬಾರಿ ರೂಮು ಹಿಡಿಯಬೇಕಾಗಿಲ್ಲ. ರೂಮು ಹುಡುಕುವಾಗ ‘ಊರಿನ ಮಧ್ಯದಲ್ಲಿದೆಯೇ’ ಎಂಬುದಕ್ಕಿಂತ ‘ಯಾವ ಮೆಟ್ರೊ ನಿಲ್ದಾಣ, ನಡೆದರೆ ಎಷ್ಟು ನಿಮಿಷ’ ಎಂಬುದು ಒಳ್ಳೆಯ ಪ್ರಶ್ನೆ. ಒಂದು ಎಚ್ಚರ: 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಅತಿ ಹೆಚ್ಚಿನ ಟಿಕೆಟ್ 90 ರೂಪಾಯಿ ಮುಟ್ಟಿತು. ನಾಲ್ಕು ಜನರ ಕುಟುಂಬಕ್ಕೆ ಕೆಲವೊಮ್ಮೆ ಆಟೊವೇ ಅಗ್ಗವಾದೀತು.

ಜಿಎಸ್‌ಟಿಯ ಮಾತು ಬಂತು. 2022ರ ಜುಲೈ ತನಕ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮಿಗೆ ಈ ತೆರಿಗೆ ಇರಲಿಲ್ಲ. ಆ ತಿಂಗಳ 18ರಿಂದ ಬಡವರ ರೂಮಿಗೂ ಶೇಕಡ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ರೂಮುಗಳಿಗೆ ಅದು ಶೇಕಡ 5ಕ್ಕೆ ಇಳಿದಿದೆ. ಇನ್ನೂ 12 ಹಾಕಿ ಬಿಲ್ಲು ಕೊಟ್ಟರೆ ಗ್ರಾಹಕರು ಕೇಳಬೇಕು. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸಣ್ಣ ಲಾಡ್ಜು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ; ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ. ಅದೇ ಲಾಡ್ಜಿನ ರೂಮನ್ನು ಆ್ಯಪಿನ ಮೂಲಕ ಹಿಡಿದರೆ ಆ್ಯಪಿನವರು ತೆರಿಗೆ ಕಟ್ಟಬೇಕಾಗುತ್ತದೆ, ಅದು ಗ್ರಾಹಕರ ಬಿಲ್ಲಿಗೆ ಬರುತ್ತದೆ. ಹಾಗಾಗಿ ಆ್ಯಪಿನಲ್ಲಿ ಹೆಸರು ನೋಡಿ, ನೇರ ಲಾಡ್ಜಿಗೇ ಫೋನ್ ಮಾಡಿ ದರ ಕೇಳುವುದು ಸುಮ್ಮನೆ ಚೌಕಾಸಿಯಲ್ಲ. ಕೆಲವೊಮ್ಮೆ ಆ್ಯಪಿನ ರಿಯಾಯಿತಿಯೇ ಮೇಲಾಗಿರುತ್ತದೆ. ಎರಡನ್ನೂ ಕೇಳಲು ಹಿಡಿಯುವುದು ಐದು ನಿಮಿಷ.

ನೇರ ಫೋನ್ ಮಾಡುವಾಗ ಸಂಖ್ಯೆ ನಿಜವಾದ ಲಾಡ್ಜಿನದೇ ಎಂದು ನೋಡಿಕೊಳ್ಳಬೇಕು. ಹೋಟೆಲುಗಳ, ಧರ್ಮಶಾಲೆಗಳ ಹೆಸರಿನಲ್ಲಿ ಅಂತರ್ಜಾಲದಲ್ಲಿ ಸುಳ್ಳು ಸಂಖ್ಯೆ ಹಾಕಿ, ‘ಮುಂಗಡ ಯುಪಿಐ ಮಾಡಿ, ರೂಮು ಇಡ್ತೀವಿ’ ಎಂದು ದುಡ್ಡು ಹೊಡೆಯುವವರಿದ್ದಾರೆ. ಯಾತ್ರಾಸ್ಥಳಗಳಲ್ಲಿ ಇದು ಇನ್ನೂ ಹೆಚ್ಚು. ಅವಸರ ಮಾಡುವವರು, ಪೂರ್ತಿ ಹಣ ಕೇಳುವವರು, ವ್ಯಕ್ತಿಯ ಹೆಸರಿನ ಖಾತೆಗೆ ಹಾಕಿಸಿಕೊಳ್ಳುವವರು ಎಂದರೆ ಫೋನ್ ಇಡುವುದೇ ಸರಿ.

ಅಗ್ಗದ ರೂಮಿನ ಚಿತ್ರಗಳನ್ನು ನಂಬಿ ಹೋಗುವುದಕ್ಕಿಂತ, ಈಚಿನ ಮೂರು ತಿಂಗಳಲ್ಲಿ ಉಳಿದುಹೋದವರು ಬರೆದ ಕಡಿಮೆ ಅಂಕದ ಅಭಿಪ್ರಾಯಗಳನ್ನು ಓದುವುದು ಲೇಸು. ಅಲ್ಲಿ ‘ಟಿ.ವಿ. ಚಿಕ್ಕದು’ ಎಂಬ ದೂರಿದ್ದರೆ ಚಿಂತೆಯಿಲ್ಲ. ತಿಗಣೆ, ನೀರು, ಬಾಗಿಲ ಚಿಲಕ, ಬುಕ್ ಮಾಡಿದ್ದರೂ ರೂಮಿಲ್ಲ ಎಂದರು ಎಂಬ ಮಾತುಗಳು ಎರಡು ಮೂರು ಕಡೆ ಬಂದಿದ್ದರೆ ಮುಂದಿನ ಲಾಡ್ಜು ನೋಡಬೇಕು.

ನೀರಿನದು ಬೆಂಗಳೂರಿನಲ್ಲಿ ಕೇಳಲೇಬೇಕಾದ ಪ್ರಶ್ನೆ. 2024ರ ಬೇಸಿಗೆಯಲ್ಲಿ ಊರು ನೀರಿಲ್ಲದೆ ಬಾಯಿಬಿಟ್ಟದ್ದನ್ನು ಎಲ್ಲರೂ ಕಂಡಿದ್ದಾರೆ. ಬಿಸಿನೀರಿನ ವಿಚಾರವೂ ಹಾಗೆಯೇ. ಇಲ್ಲಿನ ಎಷ್ಟೋ ಲಾಡ್ಜುಗಳಲ್ಲಿ ಚಾವಣಿ ಮೇಲಿನ ಸೋಲಾರ್ ನೀರು ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ಬರುತ್ತದೆ. ಎಂಟೂವರೆಗೆ ಎದ್ದವರಿಗೆ ತಣ್ಣೀರು. ಮೋಡ ಮುಸುಕಿದ ಶ್ರಾವಣದಲ್ಲಿ ಅದೂ ಇಲ್ಲ. ‘ಗೀಸರ್ ಇದೆಯಾ, ಬಕೆಟ್‌ನಲ್ಲಿ ತಂದುಕೊಡ್ತೀರಾ’ ಎಂದು ಮೊದಲೇ ಕೇಳಿದರೆ ಮುದುಕರು, ಮಕ್ಕಳು ಇರುವವರಿಗೆ ತೊಂದರೆ ತಪ್ಪುತ್ತದೆ.

ಅದಕ್ಕಿಂತ ದೊಡ್ಡದು, ಯಾರೂ ಕೇಳದೇ ಇರುವುದು, ಬೆಂಕಿಯ ಪ್ರಶ್ನೆ. 2019ರ ಫೆಬ್ರುವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 17 ಜನ ಸತ್ತರು. ಕರೋಲ್ ಬಾಗ್ ಎಂದರೆ ದೆಹಲಿಗೆ ಎರಡು ದಿನಕ್ಕೆ ಬರುವ ಮಧ್ಯಮವರ್ಗದವರು ರೂಮು ಹುಡುಕುವ ಜಾಗ. ಮಲಗಿದ್ದವರಿಗೆ ಹೊರಗೆ ಬರುವ ದಾರಿ ಹೊಗೆಯಲ್ಲಿ ಮುಚ್ಚಿಹೋಗಿತ್ತು. ಇಕ್ಕಟ್ಟಿನ ಗಲ್ಲಿ, ಒಂದೇ ಮೆಟ್ಟಿಲು, ಕಿಟಕಿಗೆ ಕಬ್ಬಿಣದ ಸರಳು: ನಮ್ಮ ಊರುಗಳ ಅಗ್ಗದ ಲಾಡ್ಜುಗಳಲ್ಲಿ ಎಷ್ಟು ಕಡೆ ಇದೇ ಸ್ಥಿತಿ ಇದೆ ಎಂಬುದು ಅಲ್ಲಿ ಮಲಗಿದವರಿಗೆಲ್ಲ ಗೊತ್ತು. ರೂಮಿಗೆ ಹೋದ ಕೂಡಲೇ ಎರಡನೆಯ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಹಾಕಿದ್ದಾರೆಯೇ, ಸಾಮಾನು ಪೇರಿಸಿದ್ದಾರೆಯೇ ಎಂದು ಒಮ್ಮೆ ನೋಡಿಬರುವುದಕ್ಕೆ ಎರಡು ನಿಮಿಷ ಸಾಕು. ನೂರಿನ್ನೂರು ರೂಪಾಯಿ ಉಳಿಸಲು ಕಿಟಕಿಯೇ ಇಲ್ಲದ ನೆಲಮಾಳಿಗೆಯ ರೂಮು ಹಿಡಿಯುವುದನ್ನು ಯಾವ ಲೆಕ್ಕವೂ ಸಮರ್ಥಿಸಲಾರದು. ಕೆಳಗಿನ ಒಂದು ಎರಡನೆಯ ಮಹಡಿ ಕೇಳಿ ಪಡೆಯುವುದು ಒಳ್ಳೆಯದು. ಲಿಫ್ಟ್ ಕೆಟ್ಟಾಗಲೂ ಅದರ ಬೆಲೆ ತಿಳಿಯುತ್ತದೆ.

ಗುರುತಿನ ಚೀಟಿಯ ಕಾರಣಕ್ಕೆ ರೂಮು ತಪ್ಪಿದವರ ಕಥೆಗಳೂ ಇವೆ. ಬಹಳಷ್ಟು ಕುಟುಂಬಗಳು ಯಜಮಾನನ ಆಧಾರ್ ಒಂದನ್ನೇ ತಂದಿರುತ್ತವೆ. ಲಾಡ್ಜಿನವರು ದೊಡ್ಡವರೆಲ್ಲರದ್ದನ್ನೂ ಕೇಳುತ್ತಾರೆ. ಕೆಲವು ಕಡೆ ಬೆಂಗಳೂರಿನದೇ ವಿಳಾಸವಿರುವ ಚೀಟಿಗೆ ರೂಮು ಕೊಡುವುದಿಲ್ಲ. ಆಧಾರ್ ಪ್ರತಿ ಕೊಡುವುದಕ್ಕೆ ಹಿಂಜರಿಯುವವರು ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ‘ಮಾಸ್ಕ್ಡ್ ಆಧಾರ್’ ಅನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಳ್ಳಬಹುದು, ಇಲ್ಲವೇ ಮತದಾರರ ಚೀಟಿಯನ್ನೋ ಚಾಲನಾ ಪರವಾನಗಿಯನ್ನೋ ತೋರಿಸಬಹುದು.

ಒಂಟಿ ಹೆಣ್ಣುಮಗಳಿಗೆ ‘ರೂಮಿಲ್ಲ’ ಎನ್ನುವ ಲಾಡ್ಜುಗಳು ಇನ್ನೂ ಇವೆ. ಇದು ನಾಚಿಕೆಗೇಡಿನ ಸಂಗತಿ. ಪರೀಕ್ಷೆಗೋ ಸಂದರ್ಶನಕ್ಕೋ ಬಂದ ಇಪ್ಪತ್ತೆರಡರ ಹುಡುಗಿ ರಾತ್ರಿ ಒಂಬತ್ತಕ್ಕೆ ಮೂರನೆಯ ಲಾಡ್ಜಿನ ಮೆಟ್ಟಿಲು ಇಳಿಯಬೇಕಾಗಿ ಬಂದರೆ ಊರಿಗೇ ಕೆಟ್ಟ ಹೆಸರು. ಹಾಗೆ ಒಂಟಿಯಾಗಿ ಬರುವವರು ಮೊದಲೇ ಫೋನ್ ಮಾಡಿ ‘ಒಬ್ಬಳೇ ಬರುತ್ತಿದ್ದೇನೆ’ ಎಂದು ಹೇಳಿ ಖಚಿತ ಮಾಡಿಕೊಳ್ಳುವುದು ಸದ್ಯದ ದಾರಿ. ವೈಡಬ್ಲ್ಯುಸಿಎಯಂಥ ಹಳೆಯ ಸಂಸ್ಥೆಗಳ ಅತಿಥಿಗೃಹಗಳು, ಹೆಂಗಸರಿಗೇ ಪ್ರತ್ಯೇಕ ಡಾರ್ಮಿಟರಿ ಇರುವ ಬ್ಯಾಕ್‌ಪ್ಯಾಕರ್ ಹಾಸ್ಟೆಲುಗಳು ಇಂಥವರಿಗೆ ಅನುಕೂಲ. ಇಂದಿರಾನಗರ, ಕೋರಮಂಗಲದ ಕಡೆ ಈ ಹಾಸ್ಟೆಲುಗಳು ಹೆಚ್ಚು. ಅಲ್ಲಿ ಬಾಡಿಗೆ ರೂಮಿಗಲ್ಲ, ಒಂದು ಹಾಸಿಗೆಗೆ. ಸಾಮಾನಿಗೆ ಲಾಕರ್, ಸ್ನಾನದ ಮನೆ ಎಲ್ಲರಿಗೂ ಒಂದೇ. ಒಬ್ಬರಿಗೆ ಅಗ್ಗ, ಆದರೆ ಇಬ್ಬರು ಮೂವರಾದರೆ ಲಾಡ್ಜಿನ ಡಬಲ್ ರೂಮೇ ಕಡಿಮೆಯಾಗುತ್ತದೆ. ದಿನದ ಲೆಕ್ಕಕ್ಕೆ ಹಾಸಿಗೆ ಕೊಡುವ ಪಿಜಿಗಳೂ ಊರ ತುಂಬ ಇವೆ. ಸ್ನೇಹಿತೆಯೋ ಊರಿನವಳೋ ಆ ಪಿಜಿಯಲ್ಲಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳುವುದು ಸರಿ. ಗುರುತಿಲ್ಲದ ಕಡೆ ಯಾರ ಹೊಣೆಯೂ ಇರುವುದಿಲ್ಲ.

ರೂಮಿನ ಬಾಡಿಗೆ ವರ್ಷವಿಡೀ ಒಂದೇ ಇರುವುದಿಲ್ಲ. ಬೆಸ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರೊ ಇಂಡಿಯಾ ನಡೆಯುವಾಗ ಉತ್ತರ ಬೆಂಗಳೂರಿನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯವಿದ್ದಾಗ ಎಂ.ಜಿ. ರಸ್ತೆಯ ಸುತ್ತ, ದಸರಾದ ದಿನಗಳಲ್ಲಿ ಮೈಸೂರಿನಲ್ಲಿ ಮಾಮೂಲಿ ದರ ಸಿಗದು. ಲಗ್ನಸರಾಯಿಯ ದಿನಗಳಲ್ಲಿ ಕಲ್ಯಾಣಮಂಟಪಗಳ ಸುತ್ತಲಿನ ಲಾಡ್ಜುಗಳನ್ನು ಬೀಗರೇ ತುಂಬಿರುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕುವುದಕ್ಕೆ ಪುರುಸೊತ್ತೂ ಮನಸ್ಸೂ ಇಲ್ಲದೆ ಬರುವವರೆಂದರೆ ರೋಗಿಗಳ ಜೊತೆಗೆ ಬರುವವರು. ಬೆಂಗಳೂರಿನ ದಕ್ಷಿಣಕ್ಕೆ, ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವೆ ಮತ್ತು ಸುತ್ತಮುತ್ತ ನಿಮ್ಹಾನ್ಸ್, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ ಗಾಂಧಿ ಆಸ್ಪತ್ರೆ, ಜಯದೇವ ಹೃದ್ರೋಗ ಸಂಸ್ಥೆ ಇವೆ. ರಾಜ್ಯದ ಎಲ್ಲ ಜಿಲ್ಲೆಗಳಿಂದ, ಆಂಧ್ರ, ತಮಿಳುನಾಡಿನಿಂದ ಇಲ್ಲಿಗೆ ಜನ ಬರುತ್ತಾರೆ. ‘ಒಂದು ದಿನದ ಕೆಲಸ’ ಎಂದು ಹೊರಟವರಿಗೆ ವೈದ್ಯರು ಸ್ಕ್ಯಾನಿಂಗ್ ಬರೆದು, ರಿಪೋರ್ಟಿಗೆ ಎರಡು ದಿನ ಬಿಟ್ಟು ಬನ್ನಿ ಎನ್ನುತ್ತಾರೆ. ಊರಿಗೆ ಹೋಗಿಬರುವ ಹಾಗಿಲ್ಲ, ಲಾಡ್ಜಿನಲ್ಲಿ ಉಳಿಯಲು ದುಡ್ಡಿಲ್ಲ. ಆಸ್ಪತ್ರೆಯ ಕಾಂಪೌಂಡಿನ ಮರದ ಕೆಳಗೆ, ಫುಟ್‌ಪಾತಿನ ಮೇಲೆ ಚಾಪೆ ಹಾಸಿ ಮಲಗಿದ ಹೆಂಗಸರು, ಗಂಡಸರು ಆ ರಸ್ತೆಗಳಲ್ಲಿ ನಡೆದವರ ಕಣ್ಣಿಗೆ ಬೀಳದೇ ಇರಲಾರರು.

ಇಂಥವರು ಹೊರಗಿನ ಲಾಡ್ಜು ಹುಡುಕುವ ಮೊದಲು ಆಸ್ಪತ್ರೆಯೊಳಗೇ ವಿಚಾರಿಸಬೇಕು. ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆಯಿದೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಎಂಬ ಸಿಬ್ಬಂದಿ ಇರುತ್ತಾರೆ. ಧರ್ಮಶಾಲೆಯ ಚೀಟಿ, ಹತ್ತಿರದ ಟ್ರಸ್ಟುಗಳ ವಸತಿ, ಊಟದ ವ್ಯವಸ್ಥೆಗಳ ಮಾಹಿತಿ ಅವರಲ್ಲಿರುತ್ತದೆ. ಕೌಂಟರಿನ ಸಾಲಿನಲ್ಲಿ ನಿಂತವರಿಗೆ ಅವರ ಕೊಠಡಿ ಎಲ್ಲಿದೆ ಎಂಬುದೇ ತಿಳಿದಿರುವುದಿಲ್ಲ. ಆಸ್ಪತ್ರೆಯ ನೋಂದಣಿ ಚೀಟಿ, ರೋಗಿಯ ಮತ್ತು ಜೊತೆಗಿರುವವರ ಗುರುತಿನ ಚೀಟಿ ತೋರಿಸಿದರೆ, ಜಾಗ ಖಾಲಿಯಿದ್ದಾಗ ಲಾಡ್ಜಿನ ಬಾಡಿಗೆಯ ಒಂದು ಸಣ್ಣ ಪಾಲಿನಲ್ಲಿ ಉಳಿಯಬಹುದು. ಸಮುದಾಯದ ಛತ್ರಗಳು, ಮಠಗಳ ವಸತಿಗೃಹಗಳು ಎಲ್ಲರಿಗೂ ತೆರೆದಿರುತ್ತವೆಯೇ ಎಂಬುದನ್ನು ಕೇಳಿಯೇ ತಿಳಿಯಬೇಕು. ಪತ್ರ ಕೇಳುವ ಕಡೆ ಊರಿನ ಪರಿಚಿತರಿಂದ ಒಂದು ಪತ್ರ ತಂದಿದ್ದರೆ ಕೆಲಸ ಸಲೀಸು. ಊಟಕ್ಕೆ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನುಗಳಿವೆ, ದರ್ಶಿನಿಗಳಿವೆ.

ಆದರೂ ಧರ್ಮಶಾಲೆಗಳ ಹಾಸಿಗೆಗಳಿಗಿಂತ ಬರುವವರು ಬಹಳ ಹೆಚ್ಚು. ಸಾವಿರ ಹಾಸಿಗೆಯ ಆಸ್ಪತ್ರೆ ಕಟ್ಟುವಾಗ ಆ ಸಾವಿರ ರೋಗಿಗಳ ಜೊತೆಗೆ ಬರುವ ಅಮ್ಮ, ಅಣ್ಣ, ಹೆಂಡತಿ ಎಲ್ಲಿ ಮಲಗುತ್ತಾರೆ ಎಂಬುದು ನಕ್ಷೆಯಲ್ಲೇ ಇರಬೇಕಾಗಿತ್ತು. ರೈಲಿಳಿದವರಿಗೆ ಸೂರು ಬೇಕು ಎಂಬುದು ನೂರಿಪ್ಪತ್ತು ವರ್ಷಗಳ ಹಿಂದೆ ಒಬ್ಬ ವರ್ತಕರಿಗೆ ಹೊಳೆದಿತ್ತು. ಆಸ್ಪತ್ರೆ, ವಿಶ್ವವಿದ್ಯಾಲಯ, ಪರೀಕ್ಷಾ ಪ್ರಾಧಿಕಾರಗಳನ್ನು ರಾಜಧಾನಿಯಲ್ಲೇ ಇಟ್ಟುಕೊಂಡು ಇಡೀ ರಾಜ್ಯವನ್ನು ಇಲ್ಲಿಗೆ ಕರೆಸುವ ಸರ್ಕಾರ ಇದನ್ನು ದಾನಿಗಳ ಪಾಲಿಗೆ ಬಿಡುವುದು ಸರಿಯಲ್ಲ.

ಹೊರಡುವ ದಿನದ ಬಗ್ಗೆ ಒಂದೆರಡು ಮಾತು. ಸಂಜೆ ಬಸ್ಸಿಗೆ ಇನ್ನೂ ಐದಾರು ಗಂಟೆ ಇರುವಾಗ ರೂಮು ಖಾಲಿ ಮಾಡಬೇಕಾಗಿ ಬಂದರೆ, ಲಗೇಜನ್ನು ಲಾಡ್ಜಿನಲ್ಲೇ ಇಡಲು ಕೇಳಿ, ಇಟ್ಟದ್ದಕ್ಕೆ ಟೋಕನ್ನೋ ಚೀಟಿಯೋ ಪಡೆಯಬೇಕು. ಔಷಧಿ, ರಿಪೋರ್ಟು, ಹಣ ಕೈಚೀಲದಲ್ಲಿರಲಿ. ಕೊಟ್ಟ ಅಡ್ವಾನ್ಸು ವಾಪಸ್ ಬಂತೇ ಎಂದು ಕೌಂಟರಿನಲ್ಲಿ ನಿಂತಾಗಲೇ ನೋಡಿಕೊಳ್ಳಬೇಕು. ಬಿಲ್ಲು ಕೇಳಿ ಪಡೆಯಬೇಕು, ಮುಂದಿನ ಸಲಕ್ಕೆ ಆ ಲಾಡ್ಜಿನ ನಿಜವಾದ ಫೋನ್ ಸಂಖ್ಯೆ ಅದರ ಮೇಲಿರುತ್ತದೆ. ಅದೇ ಸಂಖ್ಯೆಯನ್ನು ಊರಿಗೆ ಹೋದ ಮೇಲೆ ಪಕ್ಕದ ಮನೆಯವರಿಗೂ ಕೊಡಬಹುದು. ಮುಂದಿನ ತಿಂಗಳು ಅವರ ಅತ್ತೆಗೂ ಬೆಂಗಳೂರಿನ ಆಸ್ಪತ್ರೆಯಲ್ಲಿ ತಪಾಸಣೆ ಇರಬಹುದು, ಅವರೂ ಬೆಳಗಿನ ಆರಕ್ಕೇ ಬಂದಿಳಿಯುತ್ತಾರೆ.